ದಮ್ಮಿನ ಲೆಕ್ಕ

ಬೆಳಿಗ್ಗೆ, ಚಾ ಕುಡಿಯುವ ಮೊದಲು,
ನೆಟ್ಟಗೆ ನಿಂತು, ಎದೆ ತುಂಬ ಎಳೆದುಕೊಂಡು
ಕೊಳವೆಗೆ ಬಾಯಿಟ್ಟು ಒಂದೇ ಸಲಕ್ಕೆ ಊದುತ್ತೇನೆ.
ಕೆಂಪು ಮುಳ್ಳು ಓಡಿ ಎಲ್ಲೋ ನಿಲ್ಲುತ್ತದೆ.
ಇನ್ನೂರ ಹತ್ತು. ಇನ್ನೊಮ್ಮೆ. ಇನ್ನೂರ ಮೂವತ್ತು.
ಮೂರನೆಯದಕ್ಕೆ ಕೆಮ್ಮು.
ಯಾವುದು ದೊಡ್ಡದೋ ಅದನ್ನು ಫೋನಿಗೆ ಕೊಡಬೇಕು
ಎಂದು ದೇರಳಕಟ್ಟೆ ಆಸ್ಪತ್ರೆಯ ಹುಡುಗ ಹೇಳಿಕೊಟ್ಟಿದ್ದಾನೆ.
ಹೆಸರು ಪ್ರಣೀತ್. ಹಲ್ಲಿಗಿನ್ನೂ ತಂತಿ ಉಂಟು.

ಲೆಕ್ಕ ನನಗೆ ಹೊಸತಲ್ಲ.
ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ಮೂವತ್ತೊಂದು ವರ್ಷದಲ್ಲಿ ಕುತ್ತಾರಿನ ಬ್ರಾಂಚಿಗೆ
ಇಪ್ಪತ್ತನಾಲ್ಕರ ಕಟ್ಟು ಹೋಗಿಲ್ಲ ನನ್ನ ಕೈಯಿಂದ.
ಕರೆಂಟು ಹೋದರೂ ಬೆರಳು ಎಣಿಸುತ್ತವೆ,
ನಾನು ಆಗ ಬೇರೆ ಏನೋ ಯೋಚಿಸುತ್ತಿರುತ್ತೇನೆ.
ಉಸಿರನ್ನು ಮಾತ್ರ ಎಣಿಸಿರಲಿಲ್ಲ.
ಅದಕ್ಕೆ ಕೂಲಿ ಇಲ್ಲವಲ್ಲ.

‘ಇಂದು ಉಸಿರು ಕಟ್ಟಿದ್ದು ಯಾವುದರಿಂದ?’
ಫೋನು ಕೇಳುತ್ತದೆ, ಶಾಲೆಯ ಟೀಚರಿನ ಕನ್ನಡದಲ್ಲಿ.
ಉತ್ತರವನ್ನೂ ಅದೇ ಕೊಡುತ್ತದೆ:
ಚಳಿ. ಹೂವಿನ ಪರಾಗ. ಸಾಕುಪ್ರಾಣಿ. ಸುಗಂಧದ್ರವ್ಯ. ವ್ಯಾಯಾಮ.
ವ್ಯಾಯಾಮ! ಮಗಳು ಬಿದ್ದು ಬಿದ್ದು ನಕ್ಕಳು.
ಮೊರದ ತುಂಬ ಹೊಗೆಸೊಪ್ಪಿನ ಪುಡಿ,
ಮಡಿಲಲ್ಲಿ, ಅನ್ನದ ತಟ್ಟೆಯ ಅಂಚಿನಲ್ಲಿ,
ಮೊಮ್ಮಗುವಿನ ನೆತ್ತಿ ಮೂಸಿದರೂ ಅದೇ ವಾಸನೆ.
ಅದಕ್ಕೊಂದು ಚೌಕ ಇರಲಿಲ್ಲ.
‘ಇತರೆ’ ಒತ್ತಿದೆ.
ಹತ್ತೊಂಬತ್ತು ದಿನ ಇತರೆ, ಇತರೆ, ಇತರೆ.
ನಡುವೆ ಒಂದು ದಿನ ಪರದೆಯ ಮೇಲೆ ಪಟಾಕಿ ಸಿಡಿದು
‘ಅಭಿನಂದನೆಗಳು! ಒಂದು ವಾರ ತಪ್ಪಿಸಲಿಲ್ಲ’ ಎಂದಿತು.
ಬ್ರಾಂಚಿನವರು ಒಮ್ಮೆಯಾದರೂ ಹಾಗೆ ಹೇಳಿದ್ದರೆ.

ದಮ್ಮು ಎಂದರೆ ಈ ಕಾಯಿಲೆ.
ಗಂಡಸರು ಗೂಡಂಗಡಿಯ ಹಿಂದೆ ನಿಂತು ಎಳೆಯುವುದೂ ದಮ್ಮೇ.
ಜಗಳಕ್ಕೆ ಬಂದವ ‘ಉಂಟಾ?’ ಎಂದು ಕೇಳುವುದೂ ಅದನ್ನೇ.
ಮೂರನ್ನೂ ಒಂದೇ ಎಲೆಯಲ್ಲಿ ಸುತ್ತಿ ನೂಲು ಕಟ್ಟಿದವರು
ಯಾರೋ, ಕೈ ಚುರುಕಿನವರು.

ತಿಂಗಳಾದ ಮೇಲೆ ಪ್ರಣೀತ್ ಗೆರೆ ತೋರಿಸಿದ.
ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ,
ತೊಕ್ಕೊಟ್ಟಿನಿಂದ ಕೊಣಾಜೆಗೆ ಬಸ್ಸು ಹೋದ ಹಾಗೆ.
‘ನಾಲ್ಕು ಕಡೆ ಎದ್ದಿದೆ ನೋಡಿ ಅಮ್ಮ. ನಾಲ್ಕೂ ಭಾನುವಾರದ ಸಂಜೆ.
ಆ ದಿನ ಎಂತ ಮಾಡ್ತೀರಿ ನೀವು?’
‘ಎಂತದ್ದೂ ಇಲ್ಲ. ಬ್ರಾಂಚಿಗೆ ರಜೆ.’
ಅವನು ತಂತಿಯ ಹಲ್ಲು ಮುಚ್ಚಿ ಸುಮ್ಮನಾದ.
ಬೀಡಿಗೂ ಬಿಡಿಗೂ ನಡುವೆ ಒಂದೇ ಒಂದು ದೀರ್ಘ;
ಆ ದೀರ್ಘದಲ್ಲಿ ನಮ್ಮ ಓಣಿಯ ಒಲೆಗಳೆಲ್ಲ ಉರಿಯುತ್ತವೆ.
ಅಷ್ಟು ಅವನಿಗೂ ಗೊತ್ತಿತ್ತು, ಪಾಪ.

ನನಗೂ ಗೊತ್ತಿದ್ದದ್ದೇ. ಆದರೂ ಗೆರೆಯಾಗಿ ಕಂಡಾಗ
ಬೇರೆ ಯಾರದೋ ಎದೆ, ನಾನು ನೋಡಿಕೊಳ್ಳಬೇಕಾದ್ದು
ಎನ್ನಿಸಿತು.

ಈಗ ಜಗಲಿಯ ಪಡು ತುದಿಗೆ ಕೂರುತ್ತೇನೆ,
ಕಡಲ ಗಾಳಿ ಬೆನ್ನಿಗೆ ಬಡಿದು ಪುಡಿಯನ್ನು ಆಚೆ ಒಯ್ಯುವಂತೆ.
ಮೂಗಿಗೆ ಒದ್ದೆ ಬೈರಾಸು.
ಇಪ್ಪತ್ತು ಹೆಚ್ಚಾಯಿತು.
ಒಂದು ಕಟ್ಟಿಗೆ ಇನ್ನೂ ಐದು ಸಾಲದು.

ನಿನ್ನೆ ನೆಬಿಸ ಕೊಳವೆ ಕೇಳಿದಳು, ‘ನಾನೂ ಒಮ್ಮೆ ಊದಲಾ?’
ಬಿಸಿನೀರಲ್ಲಿ ತೊಳೆದು ಕೊಟ್ಟೆ.
ಅವಳಾದ ಮೇಲೆ ವಾರಿಜ, ಬಾಡಿಗೆ ಮನೆಯ ಲಿಲ್ಲಿ ಬಾಯಿ,
ಕೊನೆಗೆ ಪೂವಮ್ಮ. ನೂರ ನಲವತ್ತು.
ಮೊದಲು ಎಲ್ಲರೂ ನಕ್ಕೆವು. ಪೂವಮ್ಮ ಇನ್ನೊಮ್ಮೆ ಊದಿದಳು.
ಮುಳ್ಳು ಅಲ್ಲಿಯವರೆಗೂ ಹೋಗಲಿಲ್ಲ.
ಎಲ್ಲವನ್ನೂ ನನ್ನ ಹೆಸರಿಗೇ ಒತ್ತಿದೆ,
ಬೇರೆ ಖಾತೆ ಯಾರಿಗುಂಟು?

ಸಂಜೆ ಫೋನು ಕೆಂಪಾಗಿ ಕೂಗಿತು. ಹಿಂದೆಯೇ ಪ್ರಣೀತನ ಕರೆ:
‘ಎಂತಾಯ್ತು ಅಮ್ಮ? ಒಂದೇ ದಿನ ಐದು ಥರದ ಉಸಿರು ತೋರಿಸ್ತದೆ.
ಇದೆಲ್ಲ ಯಾರದ್ದು?’
ಕೈ ನಿಲ್ಲಿಸದೆ ಫೋನನ್ನು ಭುಜಕ್ಕೊತ್ತಿ ಹಿಡಿದೆ.
ನಮ್ಮ ಜಗಲಿ, ಕೆಳಗಿನ ಓಣಿ, ಮಸೀದಿ ಹಿಂದಿನ ಸಾಲು,
ಇಗರ್ಜಿ ಗುಡ್ಡೆಯ ಎರಡೂ ಬದಿ...
‘ಕಾಗದ ಉಂಟಾ ಮಗಾ, ಹತ್ತಿರ?’ ಎಂದೆ.